ಭಿನ್ನರುಚಿಯ ಮರೆಯಲ್ಲಿ

ಓದಿ ಮುಗಿಸಿದ ಪುಸ್ತಕವನ್ನು ಕುರಿತು ನಾಲ್ಕು ಜನರ ಮುಂದೆ ತನ್ನ ಅಭಿಪ್ರಾಯವನ್ನು ಹೇಳಿಕೊಳ್ಳುವುದು ಒಳ್ಳೆಯ ಕೆಲಸವೆಂಬುದರಲ್ಲಿ ಯಾರಿಗೂ ವಿವಾದವಿರಲಾರದು. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ಮಾತ್ರವಲ್ಲದೆ, ಸಣ್ಣಪುಟ್ಟ ಊರುಗಳ ಗ್ರಂಥಾಲಯದ ಪಡಸಾಲೆಗಳಲ್ಲಿಯೂ ಶಾಲೆಯ ಖಾಲಿ ಕೊಠಡಿಗಳಲ್ಲಿಯೂ ತಿಂಗಳಿಗೊಮ್ಮೆ ಸೇರುವ ಓದುಗರ ಬಳಗಗಳು ಹುಟ್ಟಿಕೊಂಡಿರುವುದನ್ನು ಕಂಡು ಹರ್ಷಪಡದವನನ್ನು ಸಾಹಿತ್ಯದ ಹಿತೈಷಿಯೆಂದು ಕರೆಯುವುದು ಕಷ್ಟ. ಆದರೆ ಅಂಥ ಬಳಗಗಳಲ್ಲಿ ಒಂದು ಮೂಲೆಯಲ್ಲಿ ಕುಳಿತು, ಅಲ್ಲಿ ನಡೆಯುವ ಸಂಭಾಷಣೆಯನ್ನು ಸಾವಧಾನದಿಂದ ಆಲಿಸಿದವನಿಗೆ, ಯಾರೂ ಬರೆದಿಡದೆ, ಯಾರೂ ಘೋಷಿಸದೆ, ಎಲ್ಲರೂ ಮೌನವಾಗಿ ಅಂಗೀಕರಿಸಿರುವ ಸಿದ್ಧಾಂತವೊಂದು ಕ್ರಮೇಣ ಗೋಚರವಾಗುತ್ತದೆ. ಪುಸ್ತಕವನ್ನು ಕುರಿತ ಅಭಿಪ್ರಾಯವು ಓದಿದವನ ಸ್ವಂತ ಸೊತ್ತು. ಅದು ಹಿಡಿಸಿತು ಎಂದರೆ ಹಿಡಿಸಿತು, ಹಿಡಿಸಲಿಲ್ಲ ಎಂದರೆ ಹಿಡಿಸಲಿಲ್ಲ. ಅದಕ್ಕೆ ಕಾರಣವನ್ನು ಕೇಳುವುದು ಅವಿನಯ, ಪ್ರತಿಯಾಡುವುದು ಅಹಂಕಾರ. ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಮುಖಾಮುಖಿಯಾಗುವ ಅಪಾಯವೊದಗಿದಾಗ, ಅಧ್ಯಕ್ಷತೆಯನ್ನು ವಹಿಸಿದವರು ಮುಗುಳ್ನಕ್ಕು, ಲೋಕೋ ಭಿನ್ನರುಚಿಃ ಎಂದು ಉಚ್ಚರಿಸಿ, ಕಾಫಿಗೆ ಹೇಳಿ ಕಳುಹಿಸುವುದೇ ಸಭಾಮರ್ಯಾದೆ.

ಈ ಸಿದ್ಧಾಂತವನ್ನು ನಾನು ಒಪ್ಪಲಾರೆ. ಮೇಲ್ನೋಟಕ್ಕೆ ಅದು ವಿನಯದಂತೆಯೂ, ಪ್ರಜಾಪ್ರಭುತ್ವಕ್ಕೆ ಯುಕ್ತವಾದ ಸಮದೃಷ್ಟಿಯಂತೆಯೂ ತೋರುತ್ತದೆ, ದಿಟ; ಆದರೆ ಓದಿದ ಗ್ರಂಥವನ್ನೂ, ಎದುರಿಗೆ ಕುಳಿತು ಕೇಳುತ್ತಿರುವ ಸಹವಾಚಕನನ್ನೂ ಒಮ್ಮೆಗೇ ಅಲಕ್ಷಿಸುವ ಆಲಸ್ಯವೊಂದು ಅದರ ಒಳಗೆ ಅಡಗಿದೆಯೆಂದೂ, ಆ ಆಲಸ್ಯಕ್ಕೆ ಸೌಜನ್ಯವೆಂಬ ಹೆಸರಿಟ್ಟು ನಾವು ಅದನ್ನು ಪೋಷಿಸುತ್ತಿದ್ದೇವೆಂದೂ ನನ್ನ ದೃಢವಾದ ಅಭಿಮತ.

ಮೊದಲು ಆ ಸುಪ್ರಸಿದ್ಧವಾದ ನಾಣ್ಣುಡಿಯ ಮೂಲವನ್ನೇ ನೋಡೋಣ. ಕಾಳಿದಾಸನ ರಘುವಂಶದ ಆರನೆಯ ಸರ್ಗದಲ್ಲಿ ಇಂದುಮತಿಯ ಸ್ವಯಂವರವು ವರ್ಣಿತವಾಗಿದೆಯಷ್ಟೆ. ಪ್ರತೀಹಾರಿಯಾದ ಸುನಂದೆಯು ರಾಜಕುಮಾರಿಯನ್ನು ಒಬ್ಬೊಬ್ಬ ಅರಸನ ಮುಂದೆಯೂ ನಿಲ್ಲಿಸಿ, ಅವನ ವಂಶವನ್ನೂ ಪರಾಕ್ರಮವನ್ನೂ ರಾಜ್ಯದ ಸೊಬಗನ್ನೂ ವಿಸ್ತಾರವಾಗಿ ಹೇಳುತ್ತಾಳೆ. ಇಂದುಮತಿ ಅದೆಲ್ಲವನ್ನೂ ಕೇಳಿ, ಅವನನ್ನು ನೋಡಿ, ಅನಂತರ ಮುಂದಕ್ಕೆ ಅಡಿಯಿಡುತ್ತಾಳೆ. ಅಂಗದೇಶದ ಅರಸನಿಂದ ಅವಳು ದೃಷ್ಟಿಯನ್ನು ತೆಗೆದುಕೊಂಡು ಮುಂದೆ ನಡೆಯೆಂದಾಗ, ಕವಿಯು ಆ ತಿರಸ್ಕಾರವನ್ನು ಕುರಿತು ಎರಡು ಸಂಗತಿಗಳನ್ನು ಮೊದಲು ಖಚಿತಪಡಿಸುತ್ತಾನೆ: ಆ ಅರಸನು ಬಯಸತಕ್ಕವನಲ್ಲವೆಂದೇನೂ ಅಲ್ಲ, ಇವಳಿಗೆ ಸರಿಯಾಗಿ ನೋಡಲು ಬಾರದೆಂದೂ ಅಲ್ಲ. ಈ ಎರಡನ್ನೂ ಹೇಳಿದ ಮೇಲೆಯೇ ಜನದ ರುಚಿ ಬೇರೆ ಬೇರೆಯೆಂಬ ತಾತ್ಪರ್ಯದ ಮಾತು ಬರುವುದು. ಅಂದರೆ ನೋಡಬಲ್ಲ ಕಣ್ಣು, ನೋಡತಕ್ಕ ವಸ್ತು, ಕೊನೆಯವರೆಗೂ ಕೇಳಿದ ತಾಳ್ಮೆ, ಈ ಮೂರೂ ಇರುವೆಡೆಯಲ್ಲಿ ಮಾತ್ರ ಮಹಾಕವಿಯು ರುಚಿಗೆ ಸ್ವಾತಂತ್ರ್ಯವನ್ನು ದಯಪಾಲಿಸಿದ್ದಾನೆ. ನಮ್ಮ ಬಳಗಗಳು ಆ ಮೂರು ನಿಯಮಗಳನ್ನು ಕೈಬಿಟ್ಟು, ಸ್ವಾತಂತ್ರ್ಯವೊಂದನ್ನೇ ಎತ್ತಿಕೊಂಡು ಬಂದಿವೆ. ಇದಲ್ಲದೆ ಇನ್ನೊಂದು ಮಾತೂ ಉಂಟು. ಇಂದುಮತಿ ಆರಿಸುತ್ತಿದ್ದುದು ಗಂಡನನ್ನು. ಅದು ಅವಳೊಬ್ಬಳ ಬಾಳಿನ ವಿಷಯ. ಅಲ್ಲಿ ಕಾರಣ ಕೇಳುವ ಅಧಿಕಾರ ಯಾರಿಗೂ ಇಲ್ಲ. ಪುಸ್ತಕವನ್ನು ಯಾರೂ ಮದುವೆಯಾಗುವುದಿಲ್ಲ. ಅದು ಎಲ್ಲರಿಗೂ ಸೇರಿದ್ದು. ಎಲ್ಲರಿಗೂ ಸೇರಿದ ವಸ್ತುವನ್ನು ಕುರಿತು ಸಭೆಯಲ್ಲಿ ತೀರ್ಪಿತ್ತವನು, ಕಾರಣವನ್ನು ಕೇಳಿದೊಡನೆ, ಅದು ತನ್ನ ಮನೆಯ ಒಳಕೋಣೆಯ ವಿಷಯವೆಂದು ಕದವಿಕ್ಕಿಕೊಳ್ಳುವುದು ನ್ಯಾಯವೆ?

ನಮ್ಮ ಹಳೆಯ ಆಲಂಕಾರಿಕರು ಕವಿಯನ್ನು ಮಾತ್ರ ಪರೀಕ್ಷಿಸಿ ಓದುಗನನ್ನು ಸುಮ್ಮನೆ ಬಿಟ್ಟವರಲ್ಲ. ರಾಜಶೇಖರನ ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು ನಾಲ್ಕು ವರ್ಗವಾಗಿ ವಿಂಗಡಿಸಿದೆ. ಯಾವುದೂ ರುಚಿಸದವನು ಅರೋಚಕಿ. ಅನ್ನದೊಡನೆ ಹುಲ್ಲನ್ನೂ ನುಂಗಿಬಿಡುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಕಾಣದಂತಿರುವವನು ಮತ್ಸರಿ. ಕೃತಿಯ ತಿರುಳಿನಲ್ಲಿಯೇ ಮನಸ್ಸಿಡುವ ತತ್ತ್ವಾಭಿನಿವೇಶಿಯೆಂಬ ನಾಲ್ಕನೆಯವನು ಸಾವಿರದಲ್ಲಿ ಒಬ್ಬನಿದ್ದರೆ ಉಂಟು. ಈ ವಿಭಾಗವನ್ನು ಮಾಡಿದವನ ವಿವೇಕವು ಕೇವಲ ಹೆಸರಿಡುವುದರಲ್ಲಿ ನಿಂತಿಲ್ಲ. ಅರೋಚಕತೆಯಲ್ಲಿಯೇ ಎರಡು ಬಗೆಯುಂಟೆಂದು ಅವನು ಹೇಳುತ್ತಾನೆ: ಹುಟ್ಟಿನಿಂದ ಬಂದದ್ದು ಒಂದು, ಜ್ಞಾನದಿಂದ ಬಂದದ್ದು ಇನ್ನೊಂದು, ಮೊದಲನೆಯದು ನೂರು ಸಂಸ್ಕಾರಗಳಿಂದಲೂ ತೊಲಗದು, ಎರಡನೆಯದಾದರೋ ವಿಶಿಷ್ಟವಾದ ಕೃತಿ ಎದುರಾದೊಡನೆ ತಾನಾಗಿಯೇ ಕರಗಿ ರುಚಿಯಾಗುತ್ತದೆ. ಇನ್ನು ಸತೃಣಾಭ್ಯವಹಾರವಂತೂ ಕುತೂಹಲವುಳ್ಳ ಪ್ರತಿಯೊಬ್ಬ ಹೊಸಬನಲ್ಲಿಯೂ ಮೊದಮೊದಲು ಇರತಕ್ಕದ್ದೇ ಎಂದು ಅವನು ಕನಿಕರದಿಂದ ಒಪ್ಪಿಕೊಂಡಿದ್ದಾನೆ. ಕಂಡದ್ದನ್ನೆಲ್ಲ ಓದಿ, ಓದಿದ್ದನ್ನೆಲ್ಲ ಮೆಚ್ಚುವ ಹದಿನೆಂಟು ವರ್ಷದ ಹುಡುಗಿಯನ್ನು ಯಾರೂ ಹಳಿಯಬೇಕಾದುದಿಲ್ಲ. ನಾವೆಲ್ಲರೂ ಆ ವಯಸ್ಸನ್ನು ದಾಟಿಯೇ ಬಂದಿದ್ದೇವೆ. ಆದರೆ ಸಾವಿರ ವರ್ಷಗಳಿಗೂ ಹಿಂದಿನ ಈ ಪಂಡಿತನಿಗೆ ಸ್ಪಷ್ಟವಾಗಿ ಕಂಡಿದ್ದ ಒಂದು ಸಂಗತಿ ನಮಗೆ ಕಾಣದಾಗಿದೆ. ಓದುಗನೂ ಬೆಳೆಯತಕ್ಕವನು, ಅವನ ಅಭಿರುಚಿಯೂ ತಿದ್ದಲ್ಪಡತಕ್ಕದ್ದು. ಹುಲ್ಲನ್ನು ನುಂಗುವುದು ಅವನ ಜನ್ಮಸಿದ್ಧ ಹಕ್ಕೆಂದು ಸಾರಿ, ಮುಪ್ಪಿನವರೆಗೂ ಅದನ್ನೇ ತಿನ್ನಲು ಬಿಡುವುದರಿಂದ ಅವನಿಗೆ ನಾವು ಯಾವ ಗೌರವವನ್ನೂ ಸಲ್ಲಿಸಿದಂತಾಗುವುದಿಲ್ಲ.

ಸಾಮಾನ್ಯೋಕ್ತಿಗಳನ್ನು ಬಿಟ್ಟು ಒಂದು ನಿದರ್ಶನವನ್ನು ಹತ್ತಿರದಿಂದ ನೋಡಬಹುದು. ಇಂಥದೊಂದು ಕೂಟದಲ್ಲಿ, ಎಂಜಿನಿಯರಿಂಗ್ ಉದ್ಯೋಗದಲ್ಲಿರುವ ಒಬ್ಬ ತರುಣರು, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಆಗತಾನೆ ಓದಿ ಮುಗಿಸಿ ಬಂದಿದ್ದರು. ಓದಿದ್ದು ಪೂರ್ತಿಯಾಗಿ, ಅದರಲ್ಲಿ ಮೋಸವಿಲ್ಲ. ಅವರು ಎದ್ದು ನಿಂತು ಹೇಳಿದ್ದು ಇಷ್ಟು: ಪುಸ್ತಕ ಬಹಳ ನಿಧಾನ, ಪಾತ್ರಗಳು ಲೆಕ್ಕವಿಲ್ಲದಷ್ಟು, ಕಥೆ ಎಲ್ಲಿಗೂ ಹೋಗುವುದಿಲ್ಲ, ತಮಗೆ ಹಿಡಿಸಲಿಲ್ಲ. “ಯಾಕೆ ಹಿಡಿಸಲಿಲ್ಲ, ಸ್ವಲ್ಪ ಬಿಡಿಸಿ ಹೇಳ್ತೀರಾ ಸರ್?” ಎಂದು ಹಿರಿಯರೊಬ್ಬರು ಕೇಳಿದರು. “ಅದು ನನ್ನ ಅಭಿಪ್ರಾಯ ಸರ್, ಅಷ್ಟೆ,” ಎಂದು ಅವರು ಕುಳಿತರು. ಮರುಗಳಿಗೆಯಲ್ಲಿ ಇನ್ನೊಬ್ಬ ಮಹಿಳೆ ಎದ್ದು, ತಮಗಂತೂ ಅದು ಜೀವನದಲ್ಲೇ ಓದಿದ ಅತ್ಯುತ್ತಮ ಗ್ರಂಥವೆಂದರು. ಅವರೂ ಕಾರಣ ಹೇಳಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ. ಸಭೆ ಇಬ್ಬರಿಗೂ ಸಮನಾಗಿ ಚಪ್ಪಾಳೆ ತಟ್ಟಿತು. ಈ ಸಮಾನವಾದ ಕರತಾಡನಕ್ಕಿಂತ ಹೆಚ್ಚಿನ ಅವಮಾನವನ್ನು 1967ರಲ್ಲಿ ಪ್ರಕಟವಾದ ಆ ಮಹಾಕೃತಿಗೆ ಯಾರಾದರೂ ಮಾಡಿರಬಹುದೆ ಎಂದು ನಾನು ಯೋಚಿಸುತ್ತಿದ್ದೆ.

ಆ ತರುಣರ ಅಭಿಪ್ರಾಯವು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಅಭಿಪ್ರಾಯವಾಗುವುದಕ್ಕೆ ಮೊದಲೇ ನಿಂತುಹೋಯಿತೆಂದು ಹೇಳುತ್ತಿದ್ದೇನೆ. ಏಕೆಂದರೆ ಅವರ ಮೂರು ಆಕ್ಷೇಪಗಳಲ್ಲಿಯೂ ಸತ್ಯದ ಬೀಜವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಆ ಕಥೆಯಲ್ಲಿ ಗುತ್ತಿಯು ತನ್ನ ನಾಯಿ ಹುಲಿಯನೊಡನೆ ಕಾಡುದಾರಿಯಲ್ಲಿ ನಡೆಯುವುದಕ್ಕೂ, ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಚಿನ್ನಮ್ಮನು ಕತ್ತಲೆಯಲ್ಲಿ ಕಾಡಿಗಿಳಿಯುವುದಕ್ಕೂ, ಪಾದ್ರಿಯ ಬೈಸಿಕಲ್ಲು ಹಳ್ಳಿಗರ ಬಾಯಲ್ಲಿ ಬೀಸೆಕಲ್ಲಾಗಿ ಊರಿಗೆ ಊರನ್ನೇ ನಗಿಸುವುದಕ್ಕೂ ಕಾದಂಬರಿಕಾರರು ಹೆಚ್ಚುಕಡಿಮೆ ಒಂದೇ ತೂಕದ ಪುಟಗಳನ್ನು ಕೊಟ್ಟಿದ್ದಾರೆ. ಹೆಸರಿನಲ್ಲಿರುವ ಮದುಮಗಳು ಒಬ್ಬಳು. ಒಳಗೆ ಬರುವ ಮದುಮಗಳಂದಿರು ಹಲವರು. ಒಬ್ಬಳ ಕಥೆಯು ಕುತೂಹಲದ ತುದಿಗೆ ಬಂದಾಗಲೇ ಅದನ್ನು ಅಲ್ಲಿಯೇ ಬಿಟ್ಟು, ಬೇರೊಂದು ಮನೆಯ ಅಂಗಳಕ್ಕೋ ಹೊಲಗೇರಿಯ ಬಿಡಾರಕ್ಕೋ ಗ್ರಂಥವು ಸಾವಕಾಶವಾಗಿ ಹೊರಟುಬಿಡುತ್ತದೆ. ಇದನ್ನು ನಿಧಾನವೆಂದು ಓದುಗನು ದೂರಿದರೆ, ಆ ದೂರಿಗೆ ಉತ್ತರವನ್ನು ಕರ್ತೃವು ಗ್ರಂಥದ ಆರಂಭದಲ್ಲಿಯೇ ಕೊಟ್ಟಿದ್ದಾನೆ. ಇಲ್ಲಿ ಯಾರನ್ನೂ ಮುಖ್ಯರೆಂದಾಗಲಿ ಅಮುಖ್ಯರೆಂದಾಗಲಿ ಎಣಿಸಬೇಡ, ಅವಸರವನ್ನು ಬಿಟ್ಟು ಬಾ ಎಂಬ ಆಶಯದ ಸೂಚನೆಯನ್ನು ಬಾಗಿಲಲ್ಲಿಯೇ ಬರೆದು ನಿಲ್ಲಿಸಿದ್ದಾನೆ. ಆದುದರಿಂದ ನಿಜವಾದ ಚರ್ಚೆ ಆರಂಭವಾಗಬೇಕಾದುದು ಇಲ್ಲಿಂದ: ಲೇಖಕನು ಪ್ರತಿಜ್ಞೆ ಮಾಡಿದ ಈ ಸಮದೃಷ್ಟಿಯನ್ನು ಅವನು ಕೊನೆಯವರೆಗೆ ಕಾಪಾಡಿದನೆ? ತುಂಗೆಯ ಪ್ರವಾಹದಲ್ಲಿ ಹುಲಿಯನು ಕೊಚ್ಚಿಹೋಗುವಾಗ ಒಬ್ಬ ಮನುಷ್ಯನ ಸಾವಿಗೆ ಮರುಗುವಷ್ಟೇ ನಾವು ಮರುಗುತ್ತೇವೆಯೆ? ಮರುಗುವುದಾದರೆ ಆ ನಿಧಾನವು ಸಾರ್ಥಕವಾಯಿತು. ಮರುಗದಿದ್ದರೆ ತರುಣರ ದೂರು ಗೆದ್ದಿತು. ಅಥವಾ ಅವರು ಹೀಗೂ ವಾದಿಸಬಹುದಿತ್ತು: ಎಲ್ಲವೂ ಸಮಾನವೆಂದು ಹೇಳಿಕೊಂಡ ಗ್ರಂಥಕ್ಕೆ ಒಬ್ಬ ನಾಯಕನೂ ನಾಯಕಿಯೂ ತಮಗರಿವಿಲ್ಲದೆಯೇ ಒದಗಿಬಂದಿದ್ದಾರೆ, ಮುಕುಂದಯ್ಯ ಚಿನ್ನಮ್ಮರ ಮೇಲೆ ಕರ್ತೃವಿನ ವಾತ್ಸಲ್ಯವು ಗುತ್ತಿ ತಿಮ್ಮಿಯರ ಮೇಲಿರುವುದಕ್ಕಿಂತ ಬೇರೆಯ ಬಣ್ಣದ್ದಾಗಿದೆ, ಎಂದು. ಇದು ಬಲವಾದ ಆಕ್ಷೇಪ. ನನಗೆ ಇದಕ್ಕೆ ಒಡನೆಯೇ ಉತ್ತರ ಹೊಳೆಯುವುದಿಲ್ಲ. ಅಂಥ ಒಂದು ಆಕ್ಷೇಪದಿಂದ ಆ ಸಂಜೆಯ ಎರಡು ಗಂಟೆಗಳೂ ತುಂಬಿಹೋಗುತ್ತಿದ್ದವು. ಅದಕ್ಕೆ ಬದಲಾಗಿ ನಮಗೆ ದೊರೆತದ್ದು, ಹಿಡಿಸಲಿಲ್ಲವೆಂಬ ಒಂದು ಸಮಾಚಾರ. ಅದು ಆ ತರುಣರನ್ನು ಕುರಿತದ್ದು, ಪುಸ್ತಕವನ್ನು ಕುರಿತದ್ದಲ್ಲ.

ಪಶ್ಚಿಮದಲ್ಲಿಯೂ ಈ ಪ್ರಶ್ನೆ ಹಳೆಯದು. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮನು 1757ರಲ್ಲಿ ಅಭಿರುಚಿಯ ಪ್ರಮಾಣವನ್ನು ಕುರಿತು ಬರೆದ ಪ್ರಬಂಧದಲ್ಲಿ, ಡಾನ್ ಕ್ವಿಕ್ಸೋಟನ ಕಥೆಯಿಂದ ಒಂದು ಪ್ರಸಂಗವನ್ನು ಎತ್ತಿಕೊಳ್ಳುತ್ತಾನೆ. ಸ್ಯಾಂಕೋ ಪಾನ್ಸನ ಬಂಧುಗಳಿಬ್ಬರು ದ್ರಾಕ್ಷಾರಸದ ಪರೀಕ್ಷಕರು. ಒಂದು ಪೀಪಾಯಿಯ ರಸವನ್ನು ಸವಿದು, ಒಬ್ಬನು ಒಳ್ಳೆಯದೇ, ಆದರೆ ಸ್ವಲ್ಪ ತೊಗಲಿನ ವಾಸನೆಯಿದೆಯೆಂದನಂತೆ. ಇನ್ನೊಬ್ಬನು ಒಳ್ಳೆಯದೇ, ಆದರೆ ಕಬ್ಬಿಣದ ರುಚಿಯಿದೆಯೆಂದನಂತೆ. ನೆರೆದವರೆಲ್ಲ ಇಬ್ಬರನ್ನೂ ಪರಿಹಾಸ ಮಾಡಿದರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಬೀಗದ ಕೈಯೊಂದು ಸಿಕ್ಕಿತು. ಪರೀಕ್ಷಕರಿಬ್ಬರ ಅಭಿಪ್ರಾಯಗಳು ಬೇರೆಬೇರೆಯಾಗಿದ್ದವು, ಆದರೂ ಎರಡೂ ನಿಜವಾಗಿದ್ದವು. ಏಕೆಂದರೆ ಅವೆರಡೂ ಪೀಪಾಯಿಯಲ್ಲಿ ಇದ್ದುದನ್ನೇ ಕುರಿತವಾಗಿದ್ದವು. ಅವರು ತಮ್ಮ ನಾಲಗೆಯನ್ನು ಕುರಿತು ಮಾತನಾಡಿರಲಿಲ್ಲ. ರುಚಿಭೇದವನ್ನು ನಾನು ನಿರಾಕರಿಸುತ್ತಿದ್ದೇನೆಂದು ತಿಳಿದವರು ಈ ಪ್ರಸಂಗವನ್ನು ಮನಸ್ಸಿನಲ್ಲಿಡಬೇಕು. ಭೇದವಿರಲಿ, ಎಷ್ಟಾದರೂ ಇರಲಿ. ಆದರೆ ಯಾವುದನ್ನು ಬರಿದುಮಾಡಿ ನೋಡಿದರೆ ನಿನ್ನ ಮಾತು ದೃಢಪಡುವುದೋ ಆ ಪುಟವನ್ನು ತೋರಿಸು, ಎಂದು ಕೇಳುವ ಅಧಿಕಾರ ಸಭೆಗೆ ಉಂಟು.

ಇದಕ್ಕೆ ಪ್ರತಿಯಾಗಿ, ಸಾಹಿತ್ಯದ ಪ್ರಯೋಜನವೇ ಓದುಗನ ಬಾಳಿನೊಡನೆ ಬೆಸೆದುಕೊಳ್ಳುವುದಲ್ಲವೆ, ತನಗೆ ಆಪ್ತವಾಯಿತೆಂದು ಅವನು ಹೇಳಿದರೆ ಅದಕ್ಕಿಂತ ದೊಡ್ಡ ಪ್ರಮಾಣ ಬೇಕೆ, ಎಂದು ಕೇಳುವವರಿದ್ದಾರೆ. ಈ ಆಪ್ತತೆಯ ವಾದವು ಈಗ ಬಹಳ ಬಳಕೆಯಲ್ಲಿದೆ. ಅದರಿಂದ ಆಗುವ ಹಾನಿಯೂ ವಿಶೇಷವಾದುದು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದ ಮಹನೀಯರೊಬ್ಬರು, ಸರಸೋತಿಯ ಪಾತ್ರವನ್ನು ಓದುವಾಗ ತಮಗೆ ತಮ್ಮ ಅಜ್ಜಿಯ ನೆನಪಾಯಿತೆಂದು ಆರಂಭಿಸಿ, ಅಜ್ಜಿಯ ಕಷ್ಟಸಹಿಷ್ಣುತೆ, ಅಜ್ಜಿ ಹಾಕುತ್ತಿದ್ದ ಉಪ್ಪಿನಕಾಯಿ, ಅಜ್ಜಿಯ ಕೊನೆಯ ದಿನಗಳು, ಇವನ್ನೆಲ್ಲ ಹೃದಯಂಗಮವಾಗಿ ವರ್ಣಿಸಿ, ಕಣ್ಣೊರೆಸಿಕೊಂಡು ಕುಳಿತರು. ನಾವೂ ಕಣ್ಣೊರೆಸಿಕೊಂಡೆವು. ಆದರೆ ಸರಸೋತಿ ಎಲ್ಲಿ ಹೋದಳು? ಬಾಲವಿಧವೆಯಾಗಿ ಒಡಹುಟ್ಟಿದವನ ಮನೆಯಲ್ಲಿ ನಿಂತು, ಅವನ ಹೆಂಡತಿ ಪಾರೋತಿಯೊಡನೆ ಬೇಸಾಯದ ಹೊರೆಯನ್ನು ಹೊತ್ತು, ಪೌರೋಹಿತ್ಯಕ್ಕೆ ತಿರುಗುವ ರಾಮೈತಾಳನ ಸಂಸಾರವನ್ನು ಕಡಲಿನ ಅಂಚಿನ ಆ ಮಳಲು ನೆಲದಲ್ಲಿ ಎತ್ತಿಹಿಡಿದ, ತನಗೆ ಯಾವ ಅಧಿಕಾರವೂ ಇಲ್ಲದಿದ್ದರೂ ಮನೆಯ ವಿವೇಕವೇ ತಾನಾಗಿದ್ದ ಆ ಹೆಂಗಸು ಯಾರ ಅಜ್ಜಿಯೂ ಅಲ್ಲ. ಅವಳಿಗೆ ಮಕ್ಕಳೇ ಇರಲಿಲ್ಲ, ಅದೇ ಅವಳ ಕಥೆಯ ಮರ್ಮ. ಅವಳನ್ನು ತಮ್ಮ ಅಜ್ಜಿಯಾಗಿಸಿಕೊಂಡವರು ಅವಳನ್ನು ನೋಡದೆ ಹೋದರು. ಕಾದಂಬರಿಕಾರನು ನಮ್ಮ ಅನುಭವದಲ್ಲಿಲ್ಲದ ಒಂದು ಜೀವವನ್ನು ನಮ್ಮೆದುರಿಗೆ ತಂದು ನಿಲ್ಲಿಸಲು ಅಷ್ಟು ಶ್ರಮಪಟ್ಟಿರುವಾಗ, ನಾವು ಅದರಲ್ಲಿ ನಮ್ಮ ಮುಖವನ್ನೇ ಹುಡುಕಿ, ಸಿಕ್ಕರೆ ಮೆಚ್ಚಿ, ಸಿಗದಿದ್ದರೆ ಆಪ್ತವಾಗಲಿಲ್ಲವೆಂದು ಕೆಳಗಿಡುವುದು ಸ್ವಾರ್ಥದ ಒಂದು ಸೂಕ್ಷ್ಮರೂಪವೆಂದೇ ನನಗೆ ತೋರುತ್ತದೆ.

ಈ ಬಳಗಗಳ ಇನ್ನೊಂದು ದೋಷವಾದ ಆತುರದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ನಿನ್ನೆ ರಾತ್ರಿ ಮುಗಿಸಿದೆ, ಅನಿಸಿಕೆ ಬಿಸಿಯಾಗಿದೆ, ಈಗಲೇ ಹೇಳಿಬಿಡುತ್ತೇನೆ, ಎಂಬ ಪೀಠಿಕೆಯನ್ನು ಪ್ರಾಮಾಣಿಕತೆಯ ಲಕ್ಷಣವೆಂದು ಪರಿಗಣಿಸುವ ರೂಢಿ ಬಂದಿದೆ. ವರ್ಜೀನಿಯಾ ವುಲ್ಫ್ ಎಂಬ ಆಂಗ್ಲ ಲೇಖಕಿ, ಪುಸ್ತಕವನ್ನು ಓದುವ ಬಗೆಯನ್ನು ಕುರಿತ ತನ್ನ ಪ್ರಬಂಧದಲ್ಲಿ, ಓದಿ ಮುಗಿಸಿದೊಡನೆ ತೀರ್ಪು ಕೊಡದೆ ಕಾಯಬೇಕೆಂದೂ, ಬೇರೆ ಕೆಲಸಗಳಲ್ಲಿ ತೊಡಗಿರುವಾಗ ಆ ಪುಸ್ತಕವು ಒಮ್ಮೆ ತಾನಾಗಿಯೇ ಬೇರೊಂದು ರೂಪದಲ್ಲಿ, ಅಖಂಡವಾಗಿ, ಮನಸ್ಸಿಗೆ ಹಿಂತಿರುಗುತ್ತದೆಂದೂ, ಬಿಡಿಬಿಡಿಯಾಗಿ ಓದಿದ ಪುಸ್ತಕಕ್ಕೂ ಹಾಗೆ ಹಿಂತಿರುಗಿದ ಪುಸ್ತಕಕ್ಕೂ ಬಹಳ ಅಂತರವಿದೆಯೆಂದೂ ಹೇಳಿದ್ದಾಳೆ. ಬಲ್ಲವರಿಗೆ ಇದು ಹೊಸ ಮಾತಲ್ಲ. ಆದರೆ ತಿಂಗಳಿಗೆ ಇಷ್ಟು ಪುಸ್ತಕವೆಂದು ಲೆಕ್ಕವಿಟ್ಟು ಓದುವವರಿಗೆ ಹಿಂತಿರುಗಿ ಬರುವ ಪುಸ್ತಕವನ್ನು ಬರಮಾಡಿಕೊಳ್ಳಲು ವ್ಯವಧಾನವೆಲ್ಲಿ?

ಈಗ ಎದುರಾಳಿಗಳ ಅತ್ಯಂತ ಪ್ರಬಲವಾದ ವಾದಕ್ಕೆ ಬರುತ್ತೇನೆ. ಅದನ್ನು ಅವರು ಸಾಮಾನ್ಯವಾಗಿ ಸಂಕೋಚದಿಂದ ಹೇಳುತ್ತಾರೆ, ಗಟ್ಟಿಯಾಗಿಯೇ ಹೇಳಬಹುದಾಗಿತ್ತು. ಬಹುಕಾಲ ಕನ್ನಡದಲ್ಲಿ ಪುಸ್ತಕವನ್ನು ಕುರಿತು ಮಾತನಾಡುವ ಅಧಿಕಾರವನ್ನು ವಿಮರ್ಶಕರು ಗುತ್ತಿಗೆ ಹಿಡಿದಿದ್ದರು. ಅಸ್ತಿತ್ವವಾದ, ವಸ್ತುಪ್ರತಿರೂಪ, ಅನುಭವದ ಸಂಕೀರ್ಣತೆ, ಸಂವೇದನೆಯ ಅನನ್ಯತೆ, ಎಂಬಿವೇ ಮೊದಲಾದ ಪರಿಭಾಷೆಯ ಬೇಲಿಯನ್ನು ಕಟ್ಟಿ ಸಾಮಾನ್ಯ ಓದುಗನನ್ನು ಹೊರಗಿಟ್ಟರು. ಅವನು ಬಾಯಿ ತೆರೆದರೆ ನಗುತ್ತಿದ್ದರು. ಈಗ ಅವನು ಧೈರ್ಯ ಮಾಡಿ ಎದ್ದು ನಿಂತಿರುವಾಗ ಕಾರಣ ಕೊಡೆಂದು ಗದರಿಸುವುದು ಆ ಹಳೆಯ ದಬ್ಬಾಳಿಕೆಯನ್ನೇ ಮತ್ತೆ ತಂದಂತಾಗುವುದಿಲ್ಲವೆ? ಈ ದೂರಿನಲ್ಲಿ ಬಹುಪಾಲು ಸತ್ಯವಿದೆ. ಒಂದು ಸಣ್ಣ ಕಥೆಯನ್ನು ಕುರಿತು, ಅದನ್ನು ಬರೆದವನಿಗೂ ಓದಿದವನಿಗೂ ಅರ್ಥವಾಗದಂತೆ, ಮೂವತ್ತು ಪುಟಗಳ ಲೇಖನವನ್ನು ಬರೆದ ಪಂಡಿತರನ್ನು ನಾನೂ ಬಲ್ಲೆ; ಅವರ ಪಕ್ಷದ ವಕೀಲಿಕೆ ನನಗೆ ಬೇಡ. ಆದರೆ ಕಾರಣ ಕೊಡುವುದು ಪಂಡಿತರ ಕಸುಬು, ಇಷ್ಟಾನಿಷ್ಟಗಳನ್ನು ಹೇಳಿಕೊಳ್ಳುವುದು ಮಾತ್ರ ಪಾಮರನ ಪಾಲು, ಎಂಬ ಈ ವಿಭಜನೆಯೇ ಆ ಪಂಡಿತರು ಕಲಿಸಿಕೊಟ್ಟದ್ದು. ಅವರನ್ನು ಎದುರಿಸುತ್ತಿದ್ದೇವೆಂದು ಭ್ರಮಿಸಿ, ಅವರು ಎಳೆದ ಗೆರೆಯ ಈಚೆಗೇ ನಾವು ಕುಳಿತಿದ್ದೇವೆ.

ನಮ್ಮ ನಾಡಿನ ಸಂಪ್ರದಾಯವು ಹಾಗಿರಲಿಲ್ಲ. ಕನ್ನಡದಲ್ಲಿ ಈಗ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದೆನಿಸಿದ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಈ ನಾಡವರನ್ನು ಕುರಿತ ಪ್ರಶಂಸೆಯೊಂದಿರುವುದನ್ನು ಪ್ರತಿಯೊಬ್ಬ ಭಾಷಣಕಾರನೂ ಬಲ್ಲನು: ಓದದೆಯೂ ಕಾವ್ಯದ ಪ್ರಯೋಗದಲ್ಲಿ ಪರಿಣತರಾದವರು ಇಲ್ಲಿಯ ಜನರೆಂದು. ಆ ಪ್ರಶಂಸೆಯನ್ನು ಹಿಡಿದು, ಇಲ್ಲಿ ಎಲ್ಲರೂ ಜಾಣರೇ ಆಗಿರುವಾಗ ಯಾರು ಯಾರನ್ನು ಪ್ರಶ್ನಿಸುವುದೆಂದು ವಾದಿಸುವುದನ್ನೂ ಕೇಳಿದ್ದೇನೆ. ಹಾಗೆ ವಾದಿಸುವವರು ಪುಟವನ್ನು ತಿರುವಿ ಮುಂದಕ್ಕೆ ಓದಬೇಕು. ಜನರನ್ನು ಹಾಗೆ ಕೊಂಡಾಡಿದ ಗ್ರಂಥಕರ್ತನು ಅಷ್ಟಕ್ಕೇ ಕೈಮುಗಿದು ವಿರಮಿಸಲಿಲ್ಲ; ಮೊದಲನೆಯ ಪರಿಚ್ಛೇದವನ್ನೇ ಕಾವ್ಯದ ದೋಷಗಳ ವಿಚಾರಕ್ಕೆ ಮೀಸಲಿಟ್ಟು, ಯಾವುದು ಏಕೆ ಕೆಟ್ಟಿತು, ಅದನ್ನು ಹೇಗೆ ತಿದ್ದಿದರೆ ಸರಿಹೋದೀತು, ಎಂದು ಉದಾಹರಣೆಗಳ ಸಮೇತ ತೋರಿಸುತ್ತ ಹೋದನು. ಜನರು ಜಾಣರಾದುದರಿಂದಲೇ ಅವರೊಡನೆ ದೋಷಗುಣಗಳ ಚರ್ಚೆ ಸಾಧ್ಯವೆಂಬುದು ಅವನ ನಂಬಿಕೆಯಾಗಿರಬೇಕು.

ಗ್ರಂಥಗಳ ಮಾತು ಹಾಗಿರಲಿ. ಕರಾವಳಿಯ ತಾಳಮದ್ದಳೆಯ ಕೂಟವನ್ನು ನೋಡಿದವರು, ಅಕ್ಷರಜ್ಞಾನವಿಲ್ಲದವನೂ ಕಾರಣಸಹಿತವಾಗಿ ತೀರ್ಪು ಕೊಡಬಲ್ಲನೆಂಬುದಕ್ಕೆ ಬೇರೆ ಪ್ರಮಾಣವನ್ನು ಕೇಳಲಾರರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಳೆಯ ನುಡಿ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು, ಅಷ್ಟೆ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಿಂದು ಬಿದ್ದ ವಾಲಿಯು, ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ರಾಮನ ಅರ್ಥವನ್ನು ಹೇಳುವವರು ಅದಕ್ಕೆ ಉತ್ತರ ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು, ಮಲ್ಪೆ ಶಂಕರನಾರಾಯಣ ಸಾಮಗರಂಥವರು ಕುಳಿತ ಕೂಟಗಳಿಗೆ ಮೈಲಿಗಟ್ಟಲೆ ನಡೆದು ಬಂದ ಗೇಣಿದಾರರೂ ಅಂಗಡಿಯವರೂ ಮನೆಗೆ ಮರಳುವ ದಾರಿಯಲ್ಲಿ ಆಡಿಕೊಳ್ಳುತ್ತಿದ್ದುದು, ಇಂದಿನ ರಾಮ ಚೆನ್ನಾಗಿತ್ತು ಎಂಬ ಒಂದು ಮಾತಿಗೆ ಮುಗಿಯುತ್ತಿರಲಿಲ್ಲ. ಆ ಪ್ರಶ್ನೆಗೆ ರಾಮ ಉತ್ತರ ಕೊಡದೆ ಜಾರಿಕೊಂಡ. ಅಲ್ಲಿ ವಾಲಿ ಇನ್ನೊಂದು ಪ್ರಶ್ನೆ ಎಸೆದಿದ್ದರೆ ರಾಮನಿಗೆ ದಾರಿಯಿರಲಿಲ್ಲ. ಭರತನ ಆಳ್ವಿಕೆಯ ಮಾತನ್ನು ಮೊದಲೇ ತಂದದ್ದರಿಂದ ಕೊನೆಗೆ ಹೇಳಲು ಏನೂ ಉಳಿಯಲಿಲ್ಲ: ಹೀಗೆ ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ಅವರಲ್ಲಿ ಯಾರೂ ಅಲಂಕಾರಶಾಸ್ತ್ರವನ್ನು ಓದಿದವರಲ್ಲ. ಅವರಿಗೆ ಇದು ನನ್ನ ಅಭಿಪ್ರಾಯ ಅಷ್ಟೆ ಎಂದು ಯಾರಾದರೂ ಹೇಳಿದ್ದರೆ, ಅಭಿಪ್ರಾಯವೇನೋ ಸರಿ, ಅದಕ್ಕೆ ಆಧಾರವೇನು ಮಾರಾಯ, ಎಂದು ಕೇಳದೆ ಬಿಡುತ್ತಿರಲಿಲ್ಲ. ಪದವೀಧರರಿಂದ ತುಂಬಿದ ನಮ್ಮ ಬಳಗಗಳಲ್ಲಿ ಆ ಪ್ರಶ್ನೆಯು ಅಸಭ್ಯವೆನಿಸಿಕೊಂಡಿರುವುದು ಶಿಕ್ಷಣದ ಯಾವ ಬಗೆಯ ಫಲವೋ ತಿಳಿಯದು.

ನಡುವೆ ಒಂದು ಮಾತು. ಪುಸ್ತಕದ ಕರ್ತೃವೂ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿರುವ ಸಭೆಗಳನ್ನು ನಾನು ಇಲ್ಲಿ ಗಣನೆಗೆ ತಂದುಕೊಂಡಿಲ್ಲ. ಒಂದೇ ಗುಕ್ಕಿಗೆ ಓದಿದೆ, ಓದಿಸಿಕೊಂಡು ಹೋಗುತ್ತದೆ, ಸಮಾಜಕ್ಕೆ ಕನ್ನಡಿ ಹಿಡಿದಿದೆ, ಬಹುಕಾಲ ಕಾಡುತ್ತದೆ ಎಂಬ ನಾಲ್ಕು ವಾಕ್ಯಗಳನ್ನು ಸರದಿಯ ಮೇಲೆ ಹಂಚಿಕೊಂಡು ನಡೆಯುವ ಆ ಕಾರ್ಯಕ್ರಮಗಳು ಆತಿಥ್ಯಕ್ಕೆ ಸೇರಿದವು. ಅವುಗಳನ್ನು ವಿಮರ್ಶೆಯ ಅಳತೆಗೋಲಿನಿಂದ ಅಳೆಯುವುದು ನಿರ್ದಯತೆ.

ಕಾರಣಸಹಿತವಾದ ಓದುಗನ ಅಭಿಪ್ರಾಯವು ಏನನ್ನು ಸಾಧಿಸಬಲ್ಲದೆಂಬುದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಅದು ಎರಡೂ ಪಕ್ಷದವರಿಗೆ ಪಾಠವಾಗತಕ್ಕದ್ದು. ತ್ರಿವೇಣಿಯವರು 1963ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲಿದ್ದಾಗಲೇ, ತೀರಿಕೊಂಡರು. ಅವರ ಕಾದಂಬರಿಗಳನ್ನು ಗಂಭೀರ ವಿಮರ್ಶೆಯು ಬಹುಕಾಲ ಹೆಂಗಸರ ಮಧ್ಯಾಹ್ನದ ಓದೆಂದು ಬದಿಗಿಟ್ಟಿತು. ಆ ಹೆಂಗಸರು ಬದಿಗಿಡಲಿಲ್ಲ. ಬಾಡಿಗೆಯ ಪುಸ್ತಕದಂಗಡಿಗಳಿಂದ ತಂದು, ರಟ್ಟು ಕಿತ್ತ ಪ್ರತಿಗಳನ್ನು ಕೈಯಿಂದ ಕೈಗೆ ದಾಟಿಸಿ, ಅಡಿಗೆಮನೆಯಲ್ಲಿಯೂ ಮಗುವಿನ ತೊಟ್ಟಿಲ ಬಳಿಯಲ್ಲಿಯೂ ಕುಳಿತು ‘ಶರಪಂಜರ’ವನ್ನು ಓದಿ, ಅದನ್ನು ಕುರಿತು ವಾದಿಸಿದರು. ಅಂಥ ಒಂದು ವಾದವನ್ನು ನಾನು ಎಳೆಯವನಾಗಿದ್ದಾಗ ಮನೆಯ ನಡುಮನೆಯಲ್ಲಿ ಕೇಳಿದ್ದುಂಟು. ಕಥೆಯ ನಾಯಕಿ ಕಾವೇರಿಗೆ ಹುಚ್ಚು ಹಿಡಿದದ್ದು ದೈವಯೋಗವೆಂದು ಒಬ್ಬರು ಮರುಗಿದರೆ, ನೆರೆಮನೆಯ ಇನ್ನೊಬ್ಬರು, “ಅಲ್ಲ ಕಣ್ರೀ, ಆಸ್ಪತ್ರೆಯಲ್ಲಿ ವಾಸಿಯಾಗಿತ್ತಲ್ಲ. ಮತ್ತೆ ಹುಚ್ಚು ಹಿಡಿಸಿದ್ದು ಮನೆಯವರು. ಡಾಕ್ಟರು ಮಾಡಿದ್ದನ್ನ ಗಂಡ ಕೆಡಿಸಿದ,” ಎಂದರು. ಗುಣವಾಗಿ ಮರಳಿದವಳನ್ನು ಬಂಧುಬಳಗವೂ ನೆರೆಹೊರೆಯೂ ನೋಡುವ ನೋಟದಲ್ಲಿ, ಪತಿ ಸತೀಶನು ತೋರುವ ದೂರದಲ್ಲಿ, ರೋಗವು ಎಲ್ಲಿ ಮರುಹುಟ್ಟು ಪಡೆಯುತ್ತದೆಂಬುದನ್ನು ಅವರು ಸನ್ನಿವೇಶ ಸನ್ನಿವೇಶವಾಗಿ ಹೇಳಿದರು. ಪುಸ್ತಕವು ಅವರ ತೊಡೆಯ ಮೇಲೆಯೇ ಇತ್ತು. ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿದ್ದ ಲೇಖಕಿಯು ಆ ಕಾದಂಬರಿಯಲ್ಲಿ ಕಟ್ಟಿದ್ದುದು ಅದೇ ವಾದವನ್ನು. ವಿಮರ್ಶಕರು ಅದನ್ನು ಗುರುತಿಸಿದ್ದು ಎಷ್ಟೋ ವರ್ಷಗಳ ತರುವಾಯ. ಆ ಹೆಂಗಸು ತಮಗೆ ಕಣ್ಣೀರು ಬಂತೆಂದು ಮಾತ್ರ ಹೇಳಿ ಸುಮ್ಮನಾಗಿದ್ದರೆ, ಹೆಂಗಸರ ಕಣ್ಣೀರಿನ ಕಥೆಯೆಂಬ ವಿಮರ್ಶಕರ ತಾತ್ಸಾರಕ್ಕೆ ಅವರೇ ಸಾಕ್ಷಿ ನುಡಿದಂತಾಗುತ್ತಿತ್ತು. ಅವರು ಕಾರಣ ಕೊಟ್ಟುದರಿಂದ ವಿಮರ್ಶಕರು ಸೋತರು.

ಕಾರಣವನ್ನು ಕೇಳುವ ಪದ್ಧತಿಯನ್ನು ತಂದರೆ ಬಳಗಗಳಿಗೆ ಬರುವವರೇ ಕಡಿಮೆಯಾದಾರು, ಹೊಸಬರು ಅಂಜಿ ದೂರವಾದಾರು, ಎಂದು ಸಂಘಟಕರು ಹೇಳುತ್ತಾರೆ. ಆದರೆ ಆಗಲಿ. ಅಂಜದಂತೆ ಕೇಳುವುದು ಕೇಳುವವನ ಜವಾಬ್ದಾರಿ. ಕೇಳದೆ ಬಿಡುವುದು ಅದಕ್ಕೆ ಪರಿಹಾರವಲ್ಲ. ಐದೈದು ನಿಮಿಷಗಳ ಹನ್ನೆರಡು ಅನಿಸಿಕೆಗಳಿಗೆ ಬದಲಾಗಿ ಒಂದೇ ಪುಸ್ತಕದ ಒಂದೇ ಪ್ರಕರಣವನ್ನು ಮುಂದಿಟ್ಟುಕೊಂಡು, ಎಲ್ಲರ ಕೈಯಲ್ಲಿಯೂ ಪುಟ ತೆರೆದಿರುವಂತೆ ಕುಳಿತು, ನಾಲ್ವರೇ ಬಂದರೂ ಸಂಜೆಯನ್ನೆಲ್ಲ ಅದರಲ್ಲಿಯೇ ಕಳೆಯುವ ಬಳಗವೊಂದು ನಮ್ಮ ಬಡಾವಣೆಯಲ್ಲಿ ಆರಂಭವಾಗುವುದಾದರೆ ಐದನೆಯವನಾಗಿ ಬರಲು ನಾನು ಸಿದ್ಧನಿದ್ದೇನೆ. ಮೊದಲ ಸಂಜೆಗೆ ‘ಶರಪಂಜರ’ವನ್ನೇ ಇಟ್ಟುಕೊಳ್ಳಬಹುದು. ಸತೀಶನ ಪಕ್ಷವನ್ನು ವಹಿಸಿ ಮಾತನಾಡುವವರೂ ಈ ಊರಿನಲ್ಲಿ ಇದ್ದೇ ಇರುತ್ತಾರೆ. ಅವರು ಯಾವ ಪುಟವನ್ನು ತೆರೆದು ತೋರಿಸುತ್ತಾರೋ ನೋಡಬೇಕೆಂದು ನನಗೆ ಬಹಳ ಕುತೂಹಲವಿದೆ.